ಹಗಲಿನ ಜೇಬು, ರಾತ್ರಿಯ ಚೀಲ



ನಮ್ಮ ಕಾಲದಲ್ಲಿ ಮಡಕಶಿರಾದಿಂದ ಸಿರಾಕ್ಕೆ ಸೈಕಲ್ಲಿನಲ್ಲಿ ಹೋದನೆಂದರೆ ಅವನಿಗೆ ಬಸ್ಸು ತಪ್ಪಿದೆ ಎಂದೇ ಅರ್ಥ. ಈಗ ಬಸ್ಸಿದ್ದರೂ, ಮನೆಯಲ್ಲಿ ಬೈಕಿದ್ದರೂ, ಬೇಕೆಂದೇ ಸೈಕಲ್ ತುಳಿಯುವವರಿದ್ದಾರೆ. 2008ರಲ್ಲಿ ‘ಟೂರ್ ಆಫ್ ನೀಲಗಿರೀಸ್’ ಎಂಬ ಸೈಕಲ್ ಪ್ರವಾಸ ಆರಂಭವಾಯಿತು. ಡಿಸೆಂಬರಿನ ಚಳಿಯಲ್ಲಿ, ಕರ್ನಾಟಕ, ತಮಿಳುನಾಡು, ಕೇರಳದ ಬೆಟ್ಟಗಳಲ್ಲಿ ಒಂದು ವಾರದ ಸವಾರಿ. ಊಟ, ವಸತಿ, ರಿಪೇರಿ ಎಲ್ಲ ನಡೆಸುವವರೇ ನೋಡಿಕೊಳ್ಳುತ್ತಾರೆ. ಸವಾರರ ಚೀಲಗಳು ವ್ಯಾನಿನಲ್ಲಿ ಬರುತ್ತವೆ.

ರಾಯದುರ್ಗದಲ್ಲಿರುವ ನನ್ನ ಅಕ್ಕನ ಮೊಮ್ಮಗ ಇದಕ್ಕೆ ಹೊರಟಿದ್ದಾನೆ. “ಚೀಲ ಹೆಂಗೂ ವ್ಯಾನಲ್ಲಿ ಬರ್ತದಲ್ಲ ತಾತ, ಯೋಚನೆ ಏನು?” ಅಂದ. ಯೋಚನೆ ಇರುವುದೇ ಅಲ್ಲಿ.

ನಿವೃತ್ತಿಗೆ ಸ್ವಲ್ಪ ಮೊದಲು ನಾವು ಕೆಲವು ಗೆಳೆಯರು ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ, ಮಡಕಶಿರಾ ಹಾದು ಲೇಪಾಕ್ಷಿಗೆ ಮೂರು ದಿನದ ಸವಾರಿ ಹೋಗಿದ್ದೆವು. ಸಾಮಾನಿಗೆ ಒಂದು ಟೆಂಪೊ. ಎರಡನೆಯ ದಿನ ಬೆಳಿಗ್ಗೆ ನಾನು ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದೆ. ತಿಂಡಿಯ ಡಬ್ಬಿ ಚೀಲದಲ್ಲಿತ್ತು, ಚೀಲ ಟೆಂಪೊದಲ್ಲಿ, ಟೆಂಪೊ ಆಗಲೇ ಮುಂದಿನ ಊರಿಗೆ ಹೋಗಿತ್ತು. ಹತ್ತು ಗಂಟೆಯ ಹೊತ್ತಿಗೆ ಕೈ ನಡುಗಿತು, ತಣ್ಣನೆ ಬೆವರು, ರಸ್ತೆ ಎರಡಾಗಿ ಕಂಡಿತು. ಹುಣಸೆ ಮರದ ಕೆಳಗೆ ಕುಸಿದು ಕುಳಿತೆ. ಹೊಲದ ಮನೆಯ ತಾಯಿಯೊಬ್ಬಳು “ಏಮಯ್ಯಾ, ತಿನಕುಂಡಾ ಸೈಕಿಲು ತೊಕ್ಕುತಾವಾ?” ಎಂದು ಬೈಯುತ್ತಲೇ ಬೆಲ್ಲದ ನೀರು ಕುಡಿಸಿದಳು. ಆಕೆ ಇರದಿದ್ದರೆ ಈ ಮಾತು ಹೇಳಲು ನಾನಿರುತ್ತಿರಲಿಲ್ಲ.

ಬ್ಯಾಂಕಿನಲ್ಲಿ ಕ್ಯಾಷಿಯರನ ಡ್ರಾಯರಿನಲ್ಲಿ ಅಂದಿನ ವ್ಯವಹಾರಕ್ಕೆ ಬೇಕಾದಷ್ಟು ಹಣ ಇರುತ್ತದೆ, ಉಳಿದದ್ದು ಸ್ಟ್ರಾಂಗ್ ರೂಮಿನಲ್ಲಿ. ಕೌಂಟರಿನ ಮುಂದೆ ಜನ ನಿಂತಾಗ ಒಳಗಿನ ಹಣ ಇದ್ದೂ ಇಲ್ಲದ ಹಾಗೆ. ವ್ಯಾನಿನ ಚೀಲವೂ ಹಾಗೆಯೇ, ಸಂಜೆಯವರೆಗೆ ಅದು ನಿಮ್ಮದಲ್ಲ. ಆದ್ದರಿಂದ ಚೀಲ ಕಟ್ಟುವ ಮೊದಲು ಜೇಬು ತುಂಬಿಸಿ. ಗುಳಿಗೆ, ಕಡಲೆಕಾಯಿ ಚಿಕ್ಕಿ, ಬಾಳೆಹಣ್ಣು, ಸ್ವಲ್ಪ ದುಡ್ಡು. ಹೆಸರು, ರಕ್ತದ ಗುಂಪು, ಮನೆಯವರ ಫೋನ್ ನಂಬರು ಬರೆದ ಚೀಟಿಯೂ ಇರಲಿ. ಮೂರು ರಾಜ್ಯ ಹಾಯುವವರು ಅದನ್ನು ಕನ್ನಡದಲ್ಲಷ್ಟೇ ಬರೆದರೆ ಸಾಲದು, ಇಂಗ್ಲಿಷಿನಲ್ಲೂ ಬರೆಯಬೇಕು. ಗಡಿಯವರಾದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಪಂಚರ್. ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಬೇರೆಯಾದರೂ ಮುಳ್ಳು ಒಂದೇ: ಬಳ್ಳಾರಿ ಜಾಲಿ, ಮತ್ತೆ ನೆಗ್ಗಿಲು, ಅಂದರೆ ತೆಲುಗಿನ ಪಲ್ಲೇರು. ಎರಡು ಟ್ಯೂಬು, ಟೈರು ಬಿಚ್ಚುವ ಪಟ್ಟಿ, ಸಣ್ಣ ಪಂಪು ಸೈಕಲ್ಲಿನ ಮೇಲೆಯೇ ಇರಬೇಕು. ಟ್ಯೂಬು ಬದಲಿಸುವ ಮೊದಲು ಟೈರಿನ ಒಳಗೆ ಬಟ್ಟೆ ಆಡಿಸಿ ನೋಡಿ. ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬೂ ಹತ್ತು ನಿಮಿಷದಲ್ಲಿ ಹೋಗುತ್ತದೆ. ಈ ಹೊಸ ಸೈಕಲ್ಲುಗಳ ಟ್ಯೂಬಿನ ಮೂತಿ ಅನೇಕ ವೇಳೆ ಸಣ್ಣದು, ಹಳ್ಳಿಯ ಪಂಚರ್ ಅಂಗಡಿಯ ಪಂಪು ಕೂರುವುದಿಲ್ಲ. ಅದಕ್ಕೆ ತಿರುಗಿಸಿ ಹಾಕುವ ಹಿತ್ತಾಳೆಯ ಚಿಕ್ಕ ತುಂಡು ಸಿಗುತ್ತದೆ. ಬೆಲೆ ಕಡಿಮೆ, ಮರೆತರೆ ಮಾತ್ರ ದುಬಾರಿ.

ಚಳಿಯ ಮಾತು ನಮ್ಮವರಿಗೆ ಬೇಗ ಅರ್ಥವಾಗುವುದಿಲ್ಲ. ಮಸಿನಗುಡಿಯಿಂದ ಊಟಿಗೆ ಕಲ್ಲಹಟ್ಟಿ ಘಾಟಿಯಲ್ಲಿ 36 ತಿರುವುಗಳು. ಹತ್ತುವಾಗ ಅಂಗಿ ಬೆವರಿನಲ್ಲಿ ತೊಯ್ಯುತ್ತದೆ. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿಂದ ಬೆಳಿಗ್ಗೆ ಇಳಿಯುವಾಗ ತುಳಿಯುವ ಕೆಲಸವಿಲ್ಲ, ಮೈ ಬಿಸಿಯಾಗುವುದಿಲ್ಲ, ಗಾಳಿ ಮಾತ್ರ ಎದೆಗೆ ಬಡಿಯುತ್ತದೆ. ಬೆರಳು ಮರಗಟ್ಟಿದರೆ ಬ್ರೇಕು ಹಿಡಿಯುವುದು ಹೇಗೆ? ಗಾಳಿ ತಡೆಯುವ ತೆಳು ಕೋಟು, ಬೆರಳು ಮುಚ್ಚುವ ಕೈಗವಸು ಜೊತೆಯಲ್ಲೇ ಇರಲಿ. ಕೋಟು ಇಲ್ಲವಾದರೆ ಅಂಗಿಯೊಳಗೆ ಎದೆಗೆ ದಿನಪತ್ರಿಕೆ ಮಡಚಿಟ್ಟುಕೊಳ್ಳಿ. ಹಳೆಯ ಸೈಕಲ್ ಪಂದ್ಯದವರ ಉಪಾಯ ಇದು. ಪ್ರಜಾವಾಣಿಯಾದರೂ ಸರಿ, ಈನಾಡು ಆದರೂ ಸರಿ, ಗಾಳಿಗೆ ಭಾಷೆ ಗೊತ್ತಿಲ್ಲ.

ವ್ಯಾನಿನ ಚೀಲಕ್ಕೆ ಹೆಚ್ಚು ಮಾತು ಬೇಡ. ಒಂದೊಂದು ದಿನದ ಬಟ್ಟೆ ಒಂದೊಂದು ಪ್ಲಾಸ್ಟಿಕ್ ಕವರಿನಲ್ಲಿ, ಮೇಲೆ ವಾರದ ಹೆಸರು. ಮೆತ್ತೆ ಇರುವ ಸೈಕಲ್ ಚಡ್ಡಿ ಮೂರಾದರೂ ಇರಲಿ. ಅದರೊಳಗೆ ಬೇರೆ ಒಳಚಡ್ಡಿ ಹಾಕಬಾರದು, ಹೊಲಿಗೆ ಉಜ್ಜಿ ಚರ್ಮ ಕಿತ್ತುಬರುತ್ತದೆ. ಹೊಸ ಬೂಟು, ಹೊಸ ಸೀಟು ಪ್ರವಾಸದ ದಿನ ಪೂಜೆ ಮಾಡಿ ತೆಗೆಯುವ ವಸ್ತುಗಳಲ್ಲ. ತಿಂಗಳ ಮೊದಲೇ ಪಳಗಿಸಿಕೊಳ್ಳಿ.

ಮೈಯನ್ನೂ ಪಳಗಿಸಬೇಕು. ಭಾನುವಾರ ಒಂದೇ ದಿನ ನೂರು ಕಿಲೋಮೀಟರ್ ತುಳಿದು ಸೋಮವಾರ ಮಲಗುವುದಕ್ಕಿಂತ, ಎರಡು ದಿನ ಬೆನ್ನು ಬೆನ್ನಿಗೆ ಅರವತ್ತು ತುಳಿಯುವುದು ಮೇಲು, ಏಕೆಂದರೆ ಪರೀಕ್ಷೆ ಇರುವುದು ಮರುದಿನದ ನೋವಿನ ಮೇಲೆ. ಊಟಿಯಂಥ ಬೆಟ್ಟ ನಮ್ಮಲ್ಲಿಲ್ಲ, ಆದರೆ ಗಾಳಿ ಇದೆ. ಕಲ್ಯಾಣದುರ್ಗದ ಕಡೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆಯೇ? ಎದುರುಗಾಳಿಗೆ ಒಂದು ಗಂಟೆ ತುಳಿದರೆ ಏರು ಹತ್ತಿದಷ್ಟೇ ಬೆವರು.

ಹುಡುಗನ ಚೀಲ ಕಟ್ಟಿ ಆಗಿದೆ. ಅವನ ಅಜ್ಜಿ ಕೊಟ್ಟ ಚಕ್ಕುಲಿ ಡಬ್ಬಿ ಚೀಲದೊಳಗೆ ಹೋಯಿತು. ಬೆಲ್ಲದ ಅಚ್ಚನ್ನು ಅವನ ಅಂಗಿಯ ಹಿಂಜೇಬಿಗೆ ನಾನೇ ಹಾಕಿದೆ.