ಕೊಲೆಗಾರ ಯಾರು ಅಂತ ಹೇಳದೇನೇ ಎದೆ ಹಿಂಡೋ ಸಿನಿಮಾ

ಕೆಲವು ಕ್ರೈಂ ಸಿನಿಮಾಗಳಲ್ಲಿ ಚೇಸ್ ಇರಲ್ಲ, ಫೈಟ್ ಇರಲ್ಲ, ರಕ್ತಾನೂ ಕಮ್ಮಿ. ಆದ್ರೂ ನೋಡ್ತಾ ನೋಡ್ತಾ ಹೊಟ್ಟೆ ಒಳಗೆ ಏನೋ ಕಿವುಚಿದ ಹಾಗೆ ಆಗುತ್ತೆ. ಅದು ಹೇಗೆ ಕೆಲಸ ಮಾಡುತ್ತೆ ಅನ್ನೋದೇ ಇವತ್ತಿನ ವಿಷಯ. ಹತ್ತು ಸಿನಿಮಾ ಹೆಸರು ಹೇಳಿ ಕೈ ತೊಳ್ಕೊಳ್ಳಲ್ಲ, ಒಂದೇ ಒಂದನ್ನ ಬಿಚ್ಚಿ ನೋಡೋಣ: 2003ರ ಕೊರಿಯನ್ ಸಿನಿಮಾ ‘ಮೆಮೊರೀಸ್ ಆಫ್ ಮರ್ಡರ್’. ನಿರ್ದೇಶಕ ಬಾಂಗ್ ಜೂನ್-ಹೋ. ಹೌದು, ಆಮೇಲೆ ‘ಪ್ಯಾರಸೈಟ್’ ಮಾಡಿ ಆಸ್ಕರ್ ತಗೊಂಡ ಅದೇ ಮನುಷ್ಯ. ಸ್ಪಾಯ್ಲರ್ ಇದೆ, ಬೇಡ ಅನ್ನೋರು ಇಲ್ಲೇ ಪಾಸ್ ಮಾಡಿ.

ಮೊದಲು ಒಂದು ಹಳೇ ಸೂತ್ರ. ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರೂಫೋ ಜೊತೆ ಮಾತಾಡ್ತಾ ಒಂದು ಉದಾಹರಣೆ ಕೊಟ್ಟರು. ಇಬ್ಬರು ಮೇಜಿನ ಹತ್ತಿರ ಕೂತು ಹರಟೆ ಹೊಡೀತಿದ್ದಾರೆ, ಇದ್ದಕ್ಕಿದ್ದಂತೆ ಕೆಳಗಿದ್ದ ಬಾಂಬ್ ಸಿಡಿಯುತ್ತೆ. ಪ್ರೇಕ್ಷಕರಿಗೆ ಕೆಲವು ಸೆಕೆಂಡ್ ಶಾಕ್, ಅಷ್ಟೇ. ಆದ್ರೆ ಬಾಂಬ್ ಇದೆ ಅಂತ ನಮಗೆ ಮೊದಲೇ ತೋರಿಸಿಬಿಟ್ಟರೆ? ಅದೇ ಹರಟೆ ಪೂರ್ತಿ ಹದಿನೈದು ನಿಮಿಷ ನಮ್ಮ ಜೀವ ತಿನ್ನುತ್ತೆ. ನಾನು ಓದಿದ್ದು ಬಿ.ಕಾಂ, ಹಾಗಾಗಿ ನನಗೆ ಇದು ಲೆಡ್ಜರ್ ಥರ ಕಾಣುತ್ತೆ. ಪಾತ್ರದ ಖಾತೆಯಲ್ಲಿ ಮಾಹಿತಿ ಕಮ್ಮಿ, ನಮ್ಮ ಖಾತೆಯಲ್ಲಿ ಜಾಸ್ತಿ. ಆ ವ್ಯತ್ಯಾಸವೇ ಟೆನ್ಷನ್.

‘ಮೆಮೊರೀಸ್ ಆಫ್ ಮರ್ಡರ್’ನಲ್ಲಿ ಈ ಲೆಕ್ಕ ನಡೆಯೋದೇ ಇಲ್ಲ. ಪೊಲೀಸರಿಗೆ ಗೊತ್ತಿರೋದಕ್ಕಿಂತ ಹೆಚ್ಚೇನೂ ನಮಗೂ ಗೊತ್ತಾಗಲ್ಲ.

ಕಥೆ ನಿಜ ಘಟನೆಯದ್ದು. 1986ರಿಂದ 1991ರವರೆಗೆ ದಕ್ಷಿಣ ಕೊರಿಯಾದ ಹ್ವಾಸಾಂಗ್ ಅನ್ನೋ ಗ್ರಾಮೀಣ ಪ್ರದೇಶದಲ್ಲಿ ಹತ್ತು ಮಂದಿ ಹೆಣ್ಣುಮಕ್ಕಳ ಕೊಲೆ ಆಯ್ತು. 20 ಸಾವಿರಕ್ಕೂ ಹೆಚ್ಚು ಜನರನ್ನ ವಿಚಾರಿಸಿದರೂ ಸಿನಿಮಾ ಬಂದಾಗ ಕೊಲೆಗಾರ ಸಿಕ್ಕಿರಲಿಲ್ಲ. ಅಂದ್ರೆ ಟಿಕೆಟ್ ತಗೊಂಡು ಒಳಗೆ ಹೋದ ಪ್ರತಿ ಕೊರಿಯನ್ನನಿಗೂ ಕೊನೆಗೆ ಉತ್ತರ ಇಲ್ಲ ಅಂತ ಗೊತ್ತಿತ್ತು. ಹಾಗಿದ್ದೂ ಎರಡು ಗಂಟೆ ಮೇಲೆ ಕೂರಿಸ್ತಾರೆ!

ಹೇಗೆ? ಮೊದಲು ನಗಿಸ್ತಾರೆ. ಸಾಂಗ್ ಕಾಂಗ್-ಹೋ ಮಾಡಿರೋ ಡಿಟೆಕ್ಟಿವ್ ಪಾರ್ಕ್‌ಗೆ ಒಂದು ಹಮ್ಮು: ಮನುಷ್ಯನ ಕಣ್ಣು ನೋಡಿದ್ರೆ ಸಾಕು, ಅಪರಾಧಿ ಯಾರು ಅಂತ ಹೇಳ್ತೀನಿ ಅಂತ. ಮೇಲಧಿಕಾರಿ ಸ್ಟೇಷನ್‌ನಲ್ಲಿ ಕೂತಿರೋ ಇಬ್ಬರು ಹುಡುಗರನ್ನ ತೋರಿಸ್ತಾನೆ. ಒಬ್ಬ ಅತ್ಯಾಚಾರದ ಆರೋಪಿ, ಇನ್ನೊಬ್ಬ ಅವನನ್ನ ಹಿಡಿದು ತಂದ ಹುಡುಗಿಯ ಅಣ್ಣ. ಯಾರು ಯಾರು, ಹೇಳು ನೋಡೋಣ? ಪಾರ್ಕ್ ದಿಟ್ಟಿಸಿ ನೋಡ್ತಾನೆ, ಸೀನ್ ಕಟ್ ಆಗುತ್ತೆ. ಉತ್ತರ ನಮಗೂ ಸಿಗಲ್ಲ. ಕೊಲೆ ನಡೆದ ಜಾಗದಲ್ಲಿ ಸಿಕ್ಕ ಒಂದೇ ಒಂದು ಹೆಜ್ಜೆ ಗುರುತಿನ ಮೇಲೆ ಟ್ರ್ಯಾಕ್ಟರ್ ಹತ್ತಿ ಹೋಗುತ್ತೆ. ಬುದ್ಧಿಮಾಂದ್ಯ ಹುಡುಗನೊಬ್ಬನನ್ನ ಹಿಡಿದು, ಅವನ ಶೂನಿಂದ ಪೊಲೀಸರೇ ಹೊಸ ಗುರುತು ಒತ್ತಿಸ್ತಾರೆ. ನೆಲಮಾಳಿಗೆಯಲ್ಲಿ ಒದೆ. ಆಮೇಲೆ ಅದೇ ಹುಡುಗನ ಜೊತೆ ನೂಡಲ್ಸ್ ತಿಂತಾ ಟಿವಿಯಲ್ಲಿ ಪೊಲೀಸ್ ಸೀರಿಯಲ್ ನೋಡ್ತಾರೆ. ನಾವು ನಗ್ತೀವಿ. ಮಜಾ ಅಂದ್ರೆ, ಆ ನಗುವಿಗೆ ಬಾಂಗ್ ಆಮೇಲೆ ಬಡ್ಡಿ ಸಮೇತ ವಸೂಲಿ ಮಾಡ್ತಾರೆ.

ಸಿಯೋಲ್‌ನಿಂದ ಬಂದ ಇನ್ನೊಬ್ಬ ಡಿಟೆಕ್ಟಿವ್ ಇದ್ದಾನೆ, ಸಿಯೋ. ಅವನು ಫೈಲ್ ನಂಬೋನು. ದಾಖಲೆ ಸುಳ್ಳು ಹೇಳಲ್ಲ ಅನ್ನೋದು ಅವನ ಧರ್ಮ. ಮಳೆ ರಾತ್ರಿ, ರೇಡಿಯೋದಲ್ಲಿ ಕೇಳುಗರೊಬ್ಬರ ಕೋರಿಕೆಯ ಒಂದು ಹಾಡು, ಹೀಗೆ ಸುಳಿವು ಜೋಡಿಸಿ ಒಬ್ಬ ಶಂಕಿತನವರೆಗೂ ಬರ್ತಾನೆ. ತೆಳ್ಳಗೆ, ನಯವಾದ ಕೈಗಳ ಯುವಕ. ಎಲ್ಲಾ ಹೊಂದುತ್ತೆ, ಸಾಕ್ಷಿ ಮಾತ್ರ ಇಲ್ಲ. ಪಹರೆಗೆ ಪಡೆ ಬೇಕು ಅಂದ್ರೆ, ಅವರೆಲ್ಲಾ ಪ್ರತಿಭಟನೆ ಹತ್ತಿಕ್ಕೋಕೆ ಹೋಗಿದ್ದಾರೆ ಅನ್ನೋ ಉತ್ತರ. ಅದು ಮಿಲಿಟರಿ ಹಿಡಿತದ ಕಾಲ ನೋಡಿ. ಸಂಜೆ ಯುದ್ಧದ ಅಣಕು ಕವಾಯತಿಗೆ ಊರೆಲ್ಲಾ ದೀಪ ಆರಿಸುತ್ತೆ, ಆ ಕತ್ತಲು ಯಾರಿಗೆ ಅನುಕೂಲ ಅಂತ ನಾನು ಹೇಳಬೇಕಾಗಿಲ್ಲ.

ಮುಂಚೆ ಒಂದು ದೃಶ್ಯದಲ್ಲಿ ಸಿಯೋ ಒಬ್ಬ ಸ್ಕೂಲ್ ಹುಡುಗಿಯ ಬೆನ್ನಿನ ಗಾಯಕ್ಕೆ ಬ್ಯಾಂಡೇಜ್ ಅಂಟಿಸಿರ್ತಾನೆ. ಮುಂದೆ ಸಿಗೋ ಶವದ ಮೇಲೆ ಅದೇ ಬ್ಯಾಂಡೇಜ್. ಅಲ್ಲಿಗೆ ಫೈಲ್ ನಂಬೋ ಮನುಷ್ಯ ಮುಗಿದ. ಶಂಕಿತನನ್ನ ರೈಲ್ವೆ ಸುರಂಗದ ಹತ್ತಿರ ಎಳ್ಕೊಂಡು ಹೋಗಿ ಮಳೆಯಲ್ಲೇ ಹೊಡೀತಾನೆ. ಅಷ್ಟೊತ್ತಿಗೆ ಅಮೆರಿಕದಿಂದ ಡಿಎನ್‌ಎ ರಿಪೋರ್ಟ್ ಬರುತ್ತೆ: ಹೊಂದಿಕೆ ಆಗ್ತಿಲ್ಲ. ಸಿಯೋ ಆ ಕಾಗದ ಸುಳ್ಳು ಅಂತಾನೆ, ಪಿಸ್ತೂಲ್ ಎತ್ತುತ್ತಾನೆ.

ಇಲ್ಲಿ ಒಂದು ನಿಮಿಷ ನಿಮ್ಮನ್ನ ನೀವೇ ಗಮನಿಸಿ. ಅಲ್ಲಿವರೆಗೆ ಪೊಲೀಸ್ ದೌರ್ಜನ್ಯ ನೋಡಿ ಅಸಹ್ಯ ಪಟ್ಟ ನಾವೇ ‘ಹೊಡಿ, ಮುಗಿಸು’ ಅಂತ ಕಾಯ್ತಿರ್ತೀವಿ. ಹಿಚ್‌ಕಾಕ್‌ನ ಬಾಂಬ್ ಮೇಜಿನ ಕೆಳಗಿತ್ತು, ಬಾಂಗ್ ಅದನ್ನ ನಮ್ಮ ಆಸೆಯೊಳಗೇ ಇಟ್ಟಿದ್ದಾರೆ. ಉತ್ತರ ಬೇಕು ಅನ್ನೋ ಹಸಿವು ಎಷ್ಟು ಜೋರಾಗುತ್ತೆ ಅಂದ್ರೆ, ಆ ಉತ್ತರ ನಿಜ ಆಗಿರಲೇಬೇಕು ಅಂತಾನೂ ಇರಲ್ಲ. ಪಾರ್ಕ್ ಕೊನೆಗೆ ಆ ಯುವಕನ ಮುಖ ಹಿಡಿದು ಕಣ್ಣೊಳಗೆ ನೋಡ್ತಾನೆ. ಏನೂ ಗೊತ್ತಾಗಲ್ಲ ಅಂತ ಒಪ್ಕೊಂಡು, ಹೊಟ್ಟೆಗೆ ಸರಿಯಾಗಿ ಬೀಳ್ತಿದೆಯಾ ಅಂತ ಕೇಳ್ತಾನೆ. ಕಂಡ ತಕ್ಷಣ ‘ಊಟ ಆಯ್ತಾ’ ಅನ್ನೋ ನಮಗೆ ಆ ಪ್ರಶ್ನೆಯ ಸುಸ್ತು ಬೇಗ ಅರ್ಥ ಆಗುತ್ತೆ ಅನ್ಸುತ್ತೆ. (ಕನ್ನಡದಲ್ಲಿ ಹಳೇ ಕೇಸಿನ ಗೀಳು ಹಿಡಿದ ಪೊಲೀಸನ ಕಥೆ ಬೇಕಂದ್ರೆ ಹೇಮಂತ್ ರಾವ್ ಅವರ ‘ಕವಲುದಾರಿ’ ಇದೆ. ಚೆನ್ನಾಗಿದೆ, ಆದ್ರೆ ಅದು ಇಷ್ಟು ಕಾಡಲ್ಲ.)

ನಮ್ಮ ಆ ಹಸಿವಿಗೆ ಬೆಲೆ ಕಟ್ಟಿದ್ದು ಯಾರು? ಅದು ಸಿನಿಮಾದಲ್ಲಿಲ್ಲ. 1988ರಲ್ಲಿ ನಡೆದ ಎಂಟನೇ ಕೊಲೆಗೆ ಪೊಲೀಸರು ಪೋಲಿಯೋದಿಂದ ಕಾಲು ಊನವಾಗಿದ್ದ ಇಪ್ಪತ್ತೆರಡರ ಯುವಕನೊಬ್ಬನನ್ನ ಹಿಡಿದ್ರು. ನಿದ್ದೆ ಕೊಡದೆ, ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡ್ರು ಅಂತ ಅವರು ಹೇಳ್ತಾನೇ ಬಂದ್ರು. ಸುಮಾರು 20 ವರ್ಷ ಜೈಲಲ್ಲಿ ಕಳೆದ್ರು.

2019ರಲ್ಲಿ ಹಳೇ ಸಾಕ್ಷ್ಯಗಳ ಡಿಎನ್‌ಎ ಮತ್ತೆ ಪರೀಕ್ಷೆ ಮಾಡಿದಾಗ ಲೀ ಚೂನ್-ಜೇ ಅನ್ನೋನ ಹೆಸರು ಬಂತು. ನಾದಿನಿಯ ಕೊಲೆಗೆ 1994ರಿಂದಲೂ ಒಳಗಿದ್ದವನು. ಆ ಎಂಟನೆಯದ್ದೂ ಸೇರಿ ಹದಿನಾಲ್ಕು ಕೊಲೆ ಒಪ್ಪಿಕೊಂಡ. ಆಗಿನ ತನಿಖೆಯಲ್ಲೂ ಇವನನ್ನ ವಿಚಾರಿಸಿದ್ರು, ಆದ್ರೆ ಬ್ಲಡ್ ಗ್ರೂಪ್ ಹೊಂದಲ್ಲ ಅಂತ ಬಿಟ್ಟುಬಿಟ್ಟಿದ್ರು. ಕಾನೂನಿನ ಹದಿನೈದು ವರ್ಷದ ಗಡುವು 2006ಕ್ಕೇ ಮುಗಿದಿದ್ದರಿಂದ ಹ್ವಾಸಾಂಗ್ ಕೊಲೆಗಳಿಗೆ ಅವನ ಮೇಲೆ ಕೇಸ್ ಹಾಕೋ ಹಾಗೂ ಇರಲಿಲ್ಲ. ತಪ್ಪಾಗಿ ಜೈಲಿಗೆ ಹೋದವರನ್ನ ಕೋರ್ಟ್ ನಿರ್ದೋಷಿ ಅಂದಿದ್ದು 2020ರ ಡಿಸೆಂಬರ್‌ನಲ್ಲಿ.

ಸಿನಿಮಾದ ಕೊನೇ ಶಾಟ್‌ನಲ್ಲಿ ಪಾರ್ಕ್ ನೇರವಾಗಿ ಕ್ಯಾಮೆರಾ ಕಡೆ ನೋಡ್ತಾನೆ. ಕೊಲೆಗಾರ ಬದುಕಿದ್ರೆ ಒಂದಲ್ಲ ಒಂದು ದಿನ ಇದನ್ನ ನೋಡ್ತಾನೆ, ಆಗ ಕಣ್ಣಿಗೆ ಕಣ್ಣು ಸೇರಲಿ ಅಂತ ಬಾಂಗ್ ಹಾಗೆ ಇಟ್ಟಿದ್ದರು. ಲೀ ನಿಜವಾಗಲೂ ನೋಡಿದ್ದ. ಜೈಲಲ್ಲೇ. ಅದೊಂದು ಸಿನಿಮಾ ಅಂತ ನೋಡಿದೆ, ಏನೂ ಅನ್ನಿಸಲಿಲ್ಲ ಅಂತ 2020ರಲ್ಲಿ ಕೋರ್ಟ್‌ಗೆ ಹೇಳಿದ.

ನೋಡೋದಾದ್ರೆ ಇಯರ್‌ಫೋನ್ ಹಾಕ್ಕೊಳ್ಳಿ. ಮಳೆ ಸದ್ದು ಬೇಕು.