ಗೆರೆಯೊಳಗೆ ನೆಲೆಗೊಂಡ ಕಾಡು: ಇವಾನ್ ಬಿಲಿಬಿನ್‌ನ ಕಥಾಚಿತ್ರಕಲೆ

ಕಥಾಚಿತ್ರವೆಂದರೆ ಪುಸ್ತಕದ ಮಾತಿಗೆ ಜೊತೆಯಾಗಿ ಅಚ್ಚಾಗುವುದಕ್ಕೆಂದೇ ಬರೆದ ಚಿತ್ರ. ಗೋಡೆಗೆ ತೂಗುಹಾಕುವ ವರ್ಣಚಿತ್ರಕ್ಕಿಲ್ಲದ ಎರಡು ಕಟ್ಟುಪಾಡುಗಳು ಇದಕ್ಕುಂಟು: ಅದು ಕಥೆಯನ್ನು ಬಿಟ್ಟು ದೂರ ಹೋಗುವಂತಿಲ್ಲ, ಅಚ್ಚಿನ ಯಂತ್ರಕ್ಕೆ ಸಾಧ್ಯವಾಗದ್ದನ್ನು ಬಯಸುವಂತಿಲ್ಲ. ಈ ಎರಡಕ್ಕೂ ಒಳಪಟ್ಟು ದುಡಿಯುತ್ತಲೇ, ಹಿರಿಯ ಕಲಾವಿದರಿಂದಲೂ ಹಳ್ಳಿಗರ ಕೈಕಸುಬಿನಿಂದಲೂ ಉತ್ತರದ ಕಾಡುಗಳಿಂದಲೂ ಪಡೆದುದನ್ನೆಲ್ಲ ತನ್ನದೇ ಆದ ಒಂದು ರೇಖಾಭಾಷೆಗೆ ತಂದವರಲ್ಲಿ ರಷ್ಯಾದ ಇವಾನ್ ಯಾಕೋವ್ಲೆವಿಚ್ ಬಿಲಿಬಿನ್ (1876–1942) ಅಗ್ರಗಣ್ಯ. ಸ್ಫೂರ್ತಿಯು ತಾನಾಗಿ ಒದಗುವ ವರವೆಂಬ ನಂಬಿಕೆ ಸಾಮಾನ್ಯವಾಗಿದೆಯಾದರೂ, ಬಿಲಿಬಿನ್‌ನ ಪುಟಗಳನ್ನು ಹತ್ತಿರದಿಂದ ನೋಡಿದವರಿಗೆ ಅದು ದುಡಿದು ಗಳಿಸಬೇಕಾದ ಸಂಪತ್ತೆಂದೂ, ಗಳಿಸಿದ್ದರಲ್ಲಿ ಎಷ್ಟನ್ನು ಬಿಡಬೇಕೆಂಬ ತಿಳಿವೇ ಅದರ ಕೊನೆಯ ಹಂತವೆಂದೂ ಮನವರಿಕೆಯಾಗುತ್ತದೆ.

ಸೇಂಟ್ ಪೀಟರ್ಸ್‌ಬರ್ಗ್ ಬಳಿಯ ತಾರ್ಖೋವ್ಕಾದಲ್ಲಿ ಹುಟ್ಟಿದ ಬಿಲಿಬಿನ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಕಾನೂನನ್ನು. ಅದರ ಜೊತೆಜೊತೆಗೇ ಚಿತ್ರಕಲೆಯನ್ನು ಅಭ್ಯಾಸ ಮಾಡಿದ ಆತ 1898ರಲ್ಲಿ ಮ್ಯೂನಿಕ್ ನಗರದ ಆಂಟನ್ ಆಜ್ಬೆಯ ಶಾಲೆಯಲ್ಲಿ ಕೆಲಕಾಲ ಕಲಿತು, ಹಿಂದಿರುಗಿದ ಬಳಿಕ ರಷ್ಯಾದ ವಾಸ್ತವವಾದಿ ಚಿತ್ರಕಲೆಯ ಹಿರಿಯ ಇಲ್ಯಾ ರೇಪಿನ್‌ನ ಶಿಷ್ಯನಾದ. ಆದರೆ ಆತನ ದಾರಿಯನ್ನು ನಿರ್ಧರಿಸಿದ್ದು ಇನ್ನೊಬ್ಬ ಹಿರಿಯ ವಿಕ್ತರ್ ವಾಸ್ನೆತ್ಸೋವ್‌ನ 'ಬೊಗಾತಿರರು' ಎಂಬ ತೈಲಚಿತ್ರ. ಬೊಗಾತಿರ ಎಂದರೆ ರಷ್ಯದ ಜನಪದ ವೀರಗಾಥೆಗಳಲ್ಲಿ ಬರುವ ಯೋಧ. ಅಂಥ ಮೂವರು ಕುದುರೆಯೇರಿ ಗಡಿ ಕಾಯುತ್ತಿರುವ, ಸುಮಾರು ಮೂರು ಮೀಟರ್ ಎತ್ತರ, ನಾಲ್ಕೂವರೆ ಮೀಟರ್ ಅಗಲದ ಆ ಬೃಹತ್ ಚಿತ್ರವು ಅಜ್ಜಿಕಥೆಯ ಲೋಕವೂ ಗಂಭೀರ ಕಲೆಗೆ ವಸ್ತುವಾಗಬಲ್ಲದೆಂಬುದನ್ನು ಆತನಿಗೆ ತೋರಿಸಿಕೊಟ್ಟಿತು. ವಾಸ್ನೆತ್ಸೋವ್‌ನಿಂದ ಆತ ಪಡೆದದ್ದು ವಸ್ತುವನ್ನು ಮಾತ್ರ. ಆ ವಸ್ತುವನ್ನು ಮಗುವಿನ ತೊಡೆಯ ಮೇಲೆ ತೆರೆದುಕೊಳ್ಳುವ ಪುಟಕ್ಕೆ ಹೇಗೆ ಇಳಿಸಬೇಕೆಂಬ ಪ್ರಶ್ನೆಗೆ ಉತ್ತರವನ್ನು ಬೇರೆಡೆ ಹುಡುಕಬೇಕಾಯಿತು.

ಮೊದಲ ಉತ್ತರ ಸಿಕ್ಕಿದ್ದು ಕಾಡಿನಲ್ಲಿ. 1899ರ ಬೇಸಿಗೆಯನ್ನು ತ್ವೇರ್ ಪ್ರಾಂತದ ಯೆಗ್ನಿ ಎಂಬ ಹಳ್ಳಿಯಲ್ಲಿ ಕಳೆದ ಬಿಲಿಬಿನ್, ಅಲ್ಲಿನ ದಟ್ಟ ಕಾಡು, ತಿಳಿನೀರಿನ ಹೊಳೆ ಮತ್ತು ಮರದ ಗುಡಿಸಲುಗಳ ನಡುವೆ ತನ್ನ ಮೊದಲ ಕಥಾಚಿತ್ರಗಳಿಗೆ ಕೈಹಾಕಿದ. ಬಿಳಿ ತೊಗಟೆಯ ಮೇಲೆ ಕಪ್ಪು ಗೀರುಗಳಿರುವ ಬರ್ಚ್ ಮರ, ಕಡುಹಸಿರು ಫರ್ ಮರಗಳ ಗೋಡೆಯಂಥ ಸಾಲು, ನೆರಳಿನ ನೆಲದಲ್ಲಿ ಎದ್ದ ಅಣಬೆಗಳು ಮುಂದೆ ಆತನ ಚಿತ್ರಗಳಲ್ಲಿ ಕಥಾಪಾತ್ರಗಳಷ್ಟೇ ಸ್ಥಿರವಾಗಿ ಉಳಿದವು. 'ಸುಂದರಿ ವಸಿಲಿಸಾ'ದ ಬಾಬಾ ಯಗಾ, ಅಂದರೆ ಒರಳಿನಲ್ಲಿ ಕುಳಿತು ಒನಕೆಯನ್ನು ಹಿಡಿದು ಹಾರುವ ಕಾಡಿನ ಮುದುಕಿ, ನಮ್ಮ ಕಣ್ಣಿಗೆ ನಿಜವೆನಿಸುವುದು ಆಕೆಯ ಹಿಂದಿರುವ ಮರಗಳು ನಿಜವಾಗಿರುವುದರಿಂದ. ಅದೇ ಕಥೆಯಲ್ಲಿ ಬೆಳಗು, ಸೂರ್ಯ ಮತ್ತು ಇರುಳನ್ನು ಪ್ರತಿನಿಧಿಸುವ ಬಿಳಿಯ, ಕೆಂಪು ಮತ್ತು ಕರಿಯ ಕುದುರೆ ಸವಾರರು ಹಾದುಹೋಗುತ್ತಾರೆ. ಅವರನ್ನು ಚಿತ್ರಿಸುವಾಗ ಬಿಲಿಬಿನ್ ಹೊತ್ತಿಗೆ ತಕ್ಕಂತೆ ಕಾಡಿನ ಬಣ್ಣವನ್ನೂ ಬದಲಾಯಿಸಿದ್ದು, ಪ್ರಕೃತಿಯೇ ಕಥೆಯನ್ನು ಹೇಳುವ ಕೆಲಸವನ್ನು ಅಲ್ಲಿ ವಹಿಸಿಕೊಂಡಿದೆ.

ಈ ಚಿತ್ರಗಳನ್ನು ಪ್ರಕಟಿಸಲು ಮುಂದೆ ಬಂದದ್ದು ನೋಟುಗಳನ್ನೂ ಸರಕಾರಿ ದಸ್ತಾವೇಜುಗಳನ್ನೂ ಅಚ್ಚುಮಾಡುತ್ತಿದ್ದ ರಾಜ್ಯ ಮುದ್ರಣಾಲಯ. 1901ರಿಂದ 1903ರವರೆಗೆ ಅಲ್ಲಿಂದ ಆರು ಕಥೆಗಳು, ತಲಾ ಹನ್ನೆರಡು ಪುಟಗಳ ದೊಡ್ಡ ಆಕಾರದ ತೆಳು ಪುಸ್ತಕಗಳಾಗಿ ಹೊರಬಂದವು. ಅವುಗಳಿಗೆ ಬಳಸಿದ ವಿಧಾನ ವರ್ಣ ಕಲ್ಲಚ್ಚು. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಚಿತ್ರ ಬರೆದು, ಜಿಡ್ಡಿಗೂ ನೀರಿಗೂ ಹೊಂದಿಕೆಯಿಲ್ಲವೆಂಬ ತತ್ತ್ವವನ್ನು ಆಧರಿಸಿ ಅದರ ಪ್ರತಿ ತೆಗೆಯುವುದು ಕಲ್ಲಚ್ಚಿನ ಕ್ರಮ. ಇದರಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲು ಬೇಕಾಗುವುದರಿಂದ, ಸ್ಪಷ್ಟವಾದ ಹೊರಗೆರೆಯೂ ಅದರೊಳಗೆ ಸಮವಾಗಿ ತುಂಬಿದ ಬಣ್ಣವೂ ಇರುವ ಚಿತ್ರವೇ ಈ ಅಚ್ಚಿಗೆ ಚೆನ್ನಾಗಿ ಒಗ್ಗುತ್ತದೆ. ಬಿಲಿಬಿನ್‌ನ ಶೈಲಿ ಮತ್ತು ಯಂತ್ರದ ಅಗತ್ಯ ಇಲ್ಲಿ ಒಂದನ್ನೊಂದು ರೂಪಿಸಿದವು.

ಎರಡನೆಯ ಉತ್ತರ ಕೈಕಸುಬಿನಿಂದ ಬಂದಿತು. 1902ರಿಂದ 1904ರವರೆಗೆ ಪೀಟರ್ಸ್‌ಬರ್ಗಿನ ರಷ್ಯನ್ ಮ್ಯೂಸಿಯಂನ ಜನಾಂಗ ಅಧ್ಯಯನ ವಿಭಾಗದ ಪರವಾಗಿ ಆತ ವೊಲೊಗ್ಡಾ, ಒಲೊನೆತ್ಸ್ ಮತ್ತು ಅರ್ಖಾಂಗೆಲ್ಸ್ಕ್ ಪ್ರಾಂತಗಳಲ್ಲಿ ಸಂಚರಿಸಿ, ಮರದ ಇಗರ್ಜಿಗಳ ಛಾಯಾಚಿತ್ರಗಳನ್ನು ತೆಗೆದು, ಹಳೆಯ ಉಡುಪು, ಕಸೂತಿ ಮತ್ತು ಕೆತ್ತನೆಯ ಪಾತ್ರೆಪದಾರ್ಥಗಳನ್ನು ಸಂಗ್ರಹಿಸಿದ. ಪೇಟೆಗಳಲ್ಲಿ ಮರೆಯಾಗಿದ್ದ ಹಳೆಯ ರಷ್ಯಾದ ಬದುಕು ಉತ್ತರದ ಹಳ್ಳಿಗಳಲ್ಲಿ ಇನ್ನೂ ಬಳಕೆಯಲ್ಲಿತ್ತು. ಆ ಕಲೆಯನ್ನು ಕುರಿತು 1904ರಲ್ಲಿ ಆತ 'ಮಿರ್ ಇಸ್ಕುಸ್ತ್ವಾ' (ಕಲಾಲೋಕ) ಪತ್ರಿಕೆಗೆ ಲೇಖನವನ್ನೂ ಬರೆದ. ಈ ತಿರುಗಾಟದ ಫಲ ಪುಟದ ಮೇಲೆ ಎದ್ದು ಕಾಣುತ್ತದೆ. ಹೆಣ್ಣುಮಕ್ಕಳು ಹಣೆಯ ಮೇಲೆ ಕಟ್ಟುವ ಕೊಕೋಶ್ನಿಕ್ ಎಂಬ ಕಿರೀಟದಂಥ ತೊಡುಗೆ, ತೋಳಿಲ್ಲದ ಉದ್ದನೆಯ ಸರಫಾನ್ ಅಂಗಿ, ಕಿಟಕಿಯ ಸುತ್ತಲ ಕೆತ್ತನೆಯ ಚೌಕಟ್ಟು ಇವೆಲ್ಲ ಆತ ಕಣ್ಣಾರೆ ಕಂಡು, ಕೈಯಾರೆ ಬರೆದುಕೊಂಡ ವಸ್ತುಗಳಾಗಿರುವುದರಿಂದ ಅವುಗಳಲ್ಲಿ ಊಹೆಯ ಸಡಿಲತೆಯಿಲ್ಲ. ಚಿತ್ರವನ್ನು ಸುತ್ತುವರಿಯುವ ಅಲಂಕೃತ ಅಂಚಿನಲ್ಲಿ ಕಸುಬು ಮತ್ತು ಕಾಡು ಎರಡೂ ಕೂಡುತ್ತವೆ: ಹೂ, ಎಲೆ, ಹಕ್ಕಿ, ಅಣಬೆಗಳು ಕಸೂತಿಯ ಬಳ್ಳಿಗಳಂತೆ ಅಲ್ಲಿ ಸಾಲುಗೊಂಡು, ಒಳಗಿನ ಕಥೆಯ ಸ್ವಭಾವವನ್ನು ಓದುವ ಮೊದಲೇ ಸೂಚಿಸುತ್ತವೆ.

ಅಚ್ಚಿನ ಕಲೆಯಲ್ಲೂ ಆತನಿಗೆ ಇಬ್ಬರು ಗುರುಗಳಿದ್ದರೆನ್ನಬಹುದು. ಒಂದು, ರಷ್ಯಾದಲ್ಲಿ ಹದಿನೇಳನೆಯ ಶತಮಾನದಿಂದ ಜನಸಾಮಾನ್ಯರ ಮನೆಗಳಿಗೆ ಅಗ್ಗದ ಬೆಲೆಗೆ ಮಾರಾಟವಾಗುತ್ತಿದ್ದ, ದಪ್ಪ ಗೆರೆ ಮತ್ತು ಗಾಢ ಬಣ್ಣದ 'ಲುಬೋಕ್' ಎಂಬ ಅಚ್ಚುಚಿತ್ರ. ಇನ್ನೊಂದು, ಜಪಾನಿನ ಮರದಚ್ಚಿನ ಚಿತ್ರ. ರಷ್ಯಾದ ಕವಿ ಪುಷ್ಕಿನ್‌ನ ಪದ್ಯಕಥೆಗಾಗಿ 1905ರಲ್ಲಿ ಬರೆದ 'ತ್ಸಾರ್ ಸಲ್ತಾನ್' ಚಿತ್ರಮಾಲೆಯಲ್ಲಿ, ರಾಣಿಯನ್ನೂ ಎಳೆಗೂಸನ್ನೂ ಮುಚ್ಚಿಟ್ಟ ಪೀಪಾಯಿ ನಕ್ಷತ್ರ ತುಂಬಿದ ಆಗಸದಡಿ ತೇಲುವ ದೃಶ್ಯವಿದೆ. ಅಲ್ಲಿ ಉಗುರು ಚಾಚಿದಂತೆ ಮೇಲೆದ್ದ ನೊರೆಯನ್ನು ನೋಡಿದೊಡನೆ ಜಪಾನಿನ ಕಲಾವಿದ ಹೊಕುಸಾಯ್‌ನ 'ಮಹಾ ಅಲೆ' ನೆನಪಾಗುತ್ತದೆ. ಆದರೆ ಹೊಕುಸಾಯ್‌ನಲ್ಲಿ ಅಲೆಯ ಎದುರು ಫುಜಿ ಪರ್ವತ ಪುಟ್ಟದಾಗಿ, ಅಚಲವಾಗಿ ನಿಂತಿದ್ದರೆ, ಇಲ್ಲಿ ಆ ಬಗೆಯ ಆಸರೆಯೊಂದೂ ಇಲ್ಲದೆ ಪೀಪಾಯಿ ಅಲೆಗಳ ಪಾಲಾಗಿದೆ. ಎರವಲು ತಂದ ಅಲೆ ಹೀಗೆ ಅನಾಥ ತಾಯಿಮಗುವಿನ ಕಥೆಗೆ ದುಡಿಯುತ್ತದೆ. ಪ್ರಭಾವಕ್ಕೂ ನಕಲಿಗೂ ಇರುವ ಅಂತರವನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಇಷ್ಟು ಬಗೆಯ ಮೂಲಗಳು ಒಂದೇ ಪುಟದಲ್ಲಿ ಜಗಳವಾಡದಿರಲು ಕಾರಣ ಆತನ ಗೆರೆಯ ಶಿಸ್ತು. ಮೊದಲು ಪಾರದರ್ಶಕ ಕಾಗದದ ಮೇಲೆ ಚಿತ್ರವನ್ನು ಪೂರ್ಣ ವಿವರಗಳೊಂದಿಗೆ ಸಿದ್ಧಪಡಿಸಿ, ಅದನ್ನು ದಪ್ಪನೆಯ ವಾಟ್‌ಮನ್ ಕಾಗದಕ್ಕೆ ಇಳಿಸಿಕೊಂಡು, ತುದಿ ಕತ್ತರಿಸಿದ ಕುಂಚದಿಂದ ಕಪ್ಪು ಶಾಯಿಯ ಹೊರಗೆರೆ ಎಳೆದು, ಆಮೇಲೆ ಜಲವರ್ಣವನ್ನು ತುಂಬುವುದು ಆತನ ಪದ್ಧತಿ. ಕಾಗದ ಮುಟ್ಟಿದ ಶಾಯಿಗೆ ತಿದ್ದುಪಡಿಯಿಲ್ಲವಾದ್ದರಿಂದ ಕೈ ಅಳುಕುವಂತಿರಲಿಲ್ಲ. ಆ ಸ್ಥಿರತೆಯನ್ನು ಕಂಡೇ ಜೊತೆಯವರು ಆತನನ್ನು 'ಕಬ್ಬಿಣದ ಕೈಯ ಇವಾನ್' ಎಂದು ಕರೆದರು. ಬರ್ಚ್ ಮರದ ತೊಗಟೆಯಾಗಲಿ, ಕಸೂತಿಯ ಹಕ್ಕಿಯಾಗಲಿ, ಜಪಾನಿನ ಅಲೆಯಾಗಲಿ, ಎಲ್ಲವೂ ಆ ಒಂದೇ ಗೆರೆಯನ್ನು ಹಾದು ಬರಬೇಕಾಗಿದ್ದು, ಹಾದು ಬಂದಮೇಲೆ ಅವೆಲ್ಲ ಒಂದೇ ಲೋಕದ ವಸ್ತುಗಳಾದವು.

1907ರಿಂದ 1917ರವರೆಗೆ ಬಿಲಿಬಿನ್ ಪೀಟರ್ಸ್‌ಬರ್ಗಿನ ಕಲಾಪ್ರೋತ್ಸಾಹ ಸಂಘದ ಶಾಲೆಯಲ್ಲಿ ರೇಖಾಚಿತ್ರವನ್ನು ಕಲಿಸಿದ. ಆ ಅವಧಿಯಲ್ಲಿ ಶಾಲೆಯ ನಿರ್ದೇಶಕನಾಗಿದ್ದ ನಿಕೊಲಾಯ್ ರೋರಿಕ್ ಮುಂದೆ ಹಿಮಾಲಯದಲ್ಲಿ ನೆಲೆಸಿದ್ದು, ಅವನ ಮಗ ಸ್ವೆತೊಸ್ಲಾವ್ ಬೆಂಗಳೂರಿನ ತಾತಗುಣಿಯಲ್ಲಿ ಬಾಳಿದ್ದು ಕನ್ನಡಿಗರಿಗೆ ತಿಳಿದ ಸಂಗತಿ. ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿರುವ ಈ ತಂದೆಮಕ್ಕಳ ಚಿತ್ರಗಳನ್ನು ನೋಡುವವರು, ಬಿಲಿಬಿನ್ ಉಸಿರಾಡಿದ ಕಲಾವಾತಾವರಣದ ಒಂದು ಕವಲನ್ನು ನಮ್ಮ ನೆಲದಲ್ಲಿಯೇ ಕಾಣುತ್ತಾರೆ.

ರಷ್ಯಾದ ಕ್ರಾಂತಿಯ ನಂತರ, 1920ರಲ್ಲಿ ದೇಶ ಬಿಟ್ಟ ಬಿಲಿಬಿನ್ ಕೈರೋ ನಗರದಲ್ಲಿ, 1925ರಿಂದ ಪ್ಯಾರಿಸ್‌ನಲ್ಲಿ ಬಾಳಿ, 1936ರಲ್ಲಿ, ಆಗ ಲೆನಿನ್‌ಗ್ರಾಡ್ ಎನಿಸಿಕೊಂಡಿದ್ದ ಪೀಟರ್ಸ್‌ಬರ್ಗಿಗೆ ಮರಳಿ ಕಲಾ ಅಕಾಡೆಮಿಯಲ್ಲಿ ಅಧ್ಯಾಪಕನಾದ. ಜರ್ಮನ್ ಸೇನೆ ಆ ನಗರವನ್ನು ಮುತ್ತಿದಾಗ ಅಲ್ಲಿಯೇ ಉಳಿದು, 1942ರ ಫೆಬ್ರವರಿಯಲ್ಲಿ, ಹಸಿವು ಮತ್ತು ಚಳಿಯ ಆ ಮೊದಲ ಚಳಿಗಾಲದಲ್ಲಿ ತೀರಿಕೊಂಡ. ಉತ್ತರದ ಹಳ್ಳಿಗಳಲ್ಲಿ ಹೆಸರು ಬರೆದಿಡದೆ ನೂಲು ಹೊಲಿದ, ಮರ ಕೆತ್ತಿದ ಕೈಗಳ ಕೆಲಸವನ್ನು ಆತ ತನ್ನ ಪುಟಗಳ ಅಂಚಿನಲ್ಲಿ ಉಳಿಸಿ ಹೋಗಿದ್ದಾನೆ. ಆ ಪುಸ್ತಕಗಳನ್ನು ತೆರೆಯುವವರು ನಡುವಿನ ಚಿತ್ರಕ್ಕೆ ಕಣ್ಣು ಹಾಯಿಸುವ ಮುನ್ನ ಒಂದು ಕ್ಷಣ ಆ ಅಂಚಿನ ಬಳಿ ನಿಲ್ಲುವುದು ಉಚಿತ.