ಲಂಘನಶಿಕ್ಷಣದಲ್ಲಿ ಬಲ ಮತ್ತು ಸಾಮರ್ಥ್ಯ

ಲಂಘನಾಭ್ಯಾಸವನ್ನು ಕುರಿತು ಬರೆಯುವಾಗ ‘ಬಲ’, ‘ಸಾಮರ್ಥ್ಯ’ ಎಂಬ ಶಬ್ದಗಳನ್ನು ಒಂದೇ ಅರ್ಥದಲ್ಲಿ ಪ್ರಯೋಗಿಸುವುದುಂಟು. ಲೋಕವ್ಯವಹಾರದಲ್ಲಿ ಇದು ದೋಷವಲ್ಲ. ಶಾಸ್ತ್ರದಲ್ಲಾದರೋ ಈ ಶಬ್ದಸಂಕರವು ಶಿಕ್ಷಣಕ್ರಮವನ್ನೇ ಕೆಡಿಸಿ ಅಭ್ಯಾಸಿಯ ಮೊಣಕಾಲಿಗೆ ಅಪಾಯವನ್ನು ತರಬಲ್ಲುದು. ಆದುದರಿಂದ ಇವುಗಳ ಭೇದವನ್ನು ವಿಚಾರಿಸುವುದು ಅವಶ್ಯಕ.

ಬಲವೆಂಬುದು ಸ್ನಾಯುವಿನ ಸೆಳೆತ. ಸಾಮರ್ಥ್ಯವೆಂಬುದು ಒಂದು ಸೆಕೆಂಡಿನಲ್ಲಿ ನಡೆಯುವ ಕೆಲಸದ ಪರಿಮಾಣ. 100 ಕಿಲೋಗ್ರಾಂ ಭಾರವನ್ನು 1 ಮೀಟರ್ ಎತ್ತಿದರೆ ಸುಮಾರು 980 ಜೂಲ್ ಕೆಲಸವಾಗುವುದು. ಅದನ್ನು 2 ಸೆಕೆಂಡಿನಲ್ಲಿ ಎತ್ತಿದವನ ಸರಾಸರಿ ಸಾಮರ್ಥ್ಯ 490 ವಾಟ್. 1 ಸೆಕೆಂಡಿನಲ್ಲಿ ಎತ್ತಿದವನದು 980 ವಾಟ್. ಭಾರವೂ ಎತ್ತರವೂ ಒಂದೇ, ಭೇದವು ಕಾಲಕೃತ.

ಉದ್ದನೆಗೆತದಲ್ಲಿ ಪಾದವು ಹಲಗೆಯ ಮೇಲಿರುವುದು ಸುಮಾರು 0.12 ಸೆಕೆಂಡು ಮಾತ್ರ. ಸ್ನಾಯುವು ತನ್ನ ಪರಮಬಲವನ್ನು ಮುಟ್ಟಲು ಇದರ ಎರಡು ಮೂರರಷ್ಟು ಕಾಲ ಬೇಕಾಗುವುದು. ಆದುದರಿಂದ ಹೇರಳವಾದ ಬಲವಿದ್ದ ಮಾತ್ರಕ್ಕೆ ಸಾಲದು. ಅದು ಕ್ಷಣದಲ್ಲಿ ಒದಗಬೇಕು.

ಶಿಕ್ಷಣಮಾರ್ಗಗಳು ಮುಖ್ಯವಾಗಿ ಎರಡು. ಮೊದಲನೆಯದು ಗುರುಭಾರವನ್ನು ಹೆಗಲ ಮೇಲಿಟ್ಟು ಕೆಲವೇ ಬಾರಿ ಬಸ್ಕಿ ಹೊಡೆಯುವುದು. ಇದರಿಂದ ಪರಮಬಲವು ಹೆಚ್ಚುವುದು. ಎಲುಬು ಕಂಡರಗಳು ದೃಢವಾಗುವುವು. ಎರಡನೆಯದು ಪೀಠದಿಂದ ಕೆಳಕ್ಕಿಳಿದು ಪಾದವು ನೆಲವನ್ನು ಮುಟ್ಟಿದೊಡನೆಯೇ ಮೇಲಕ್ಕೆ ಪುಟಿಯುವುದು. ಇಳಿಯುವಾಗ ಹಿಗ್ಗಿದ ಸ್ನಾಯುವು ತಡವಿಲ್ಲದೆ ಕುಗ್ಗಿದರೆ ಸೆಳೆತವು ಅಧಿಕವಾಗುವುದೆಂಬುದೇ ಇದರ ತತ್ತ್ವ. ಸೋವಿಯತ್ ದೇಶದ ಯೂರಿ ವೆರ್ಖೋಷಾನ್ಸ್ಕಿ ಎಂಬ ವಿದ್ವಾಂಸನು 1960ರ ದಶಕದಲ್ಲಿ ಇದನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಿದನು.

ಇವುಗಳಲ್ಲಿ ಯಾವುದು ಶ್ರೇಷ್ಠವೆಂಬ ಪ್ರಶ್ನೆಗೆ ಅಧಿಕಾರಿಭೇದದಿಂದ ಉತ್ತರ ಹೇಳಬೇಕು. ದುರ್ಬಲನಾದ ಅಭ್ಯಾಸಿಗೆ ಬಲವು ಹೆಚ್ಚಿದರೇ ನೆಗೆತವೂ ಹೆಚ್ಚುವುದು. ಅವನನ್ನು ಮೊದಲೇ ಎತ್ತರದ ಪೀಠದಿಂದ ಇಳಿಸಿದರೆ ಕೀಲುಗಳು ನೋಯುವುವು. ಬಲಿಷ್ಠನಿಗೆ ಇನ್ನಷ್ಟು ಭಾರದಿಂದ ದೊರೆಯುವ ಫಲ ಅಲ್ಪ. ಅವನು ವೇಗವನ್ನೇ ಸಾಧಿಸತಕ್ಕದ್ದು. 1963ರಲ್ಲಿ 2.28 ಮೀಟರ್ ಎತ್ತರವನ್ನು ದಾಟಿದ ವಲೇರಿ ಬ್ರುಮೆಲನ ಅಭ್ಯಾಸದಲ್ಲಿ ಗುರುಭಾರವೂ ನೆಗೆತವೂ ಕೂಡಿದ್ದುವು. ಆದುದರಿಂದ ಇವು ಪರಸ್ಪರ ವಿರೋಧಿಗಳಲ್ಲ. ಒಂದು ಅಡಿಪಾಯ, ಮತ್ತೊಂದು ಅದರ ಮೇಲಿನ ಕಟ್ಟಡ.

ಅಮರಕೋಶದಲ್ಲಿ ‘ತರಸ್’ ಎಂಬ ಶಬ್ದವು ವೇಗದ ಪರ್ಯಾಯಗಳಲ್ಲಿಯೂ ಬಲದ ಪರ್ಯಾಯಗಳಲ್ಲಿಯೂ ಪಠಿತವಾಗಿದೆ. ನೆಗೆಯುವವನಿಗೆ ಬೇಕಾದುದು ಈ ಎರಡರ ಕೂಟವೇ. ಹೀಗಿರಲು, ಪಠ್ಯಗಳನ್ನು ರಚಿಸುವವರು ‘ಬಲಶಿಕ್ಷಣ’, ‘ಸಾಮರ್ಥ್ಯಶಿಕ್ಷಣ’ ಎಂಬ ಪದಗಳನ್ನು ಅರ್ಥವರಿತು ಬೇರೆಬೇರೆಯಾಗಿ ಪ್ರಯೋಗಿಸುವುದು ಯುಕ್ತವು.